ಒಂದರ ಮೇಲೊಂದು ಎರಡು ಬಿಂದು

ನೋಟಿಸಿನಲ್ಲಿ ಏನು ಬರೆದಿದೆ ಎನ್ನುವುದು ತಲೆಗೆ ಹೋಗುವ ಮೊದಲೇ ಅದನ್ನು ಯಾವ ಅಕ್ಷರದಲ್ಲಿ ಬರೆದಿದ್ದಾರೆ ಎನ್ನುವುದು ಅವಳ ಕಣ್ಣಿಗೆ ಬಿದ್ದಿತ್ತು. ಅಧಿಕಾರಿ ಮೇಜಿನ ಆಚೆ ಕೂತು ಮಾತಾಡುತ್ತಲೇ ಇದ್ದರು. ಅವಳು ನಿಂತಿದ್ದಳು. ಪಠ್ಯಪುಸ್ತಕದ ಕಚೇರಿಯಲ್ಲಿ ಪುಟ ಜೋಡಿಸುತ್ತ ಹದಿನೇಳು ವರ್ಷ ಕಳೆದಿದ್ದಳು. ಈ ಕೋಣೆಯಲ್ಲಿ ಅವಳನ್ನು ಕೂರಲು ಹೇಳಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಅಧಿಕಾರಿಗೆ ಸ್ವಂತ ಮಗಳ ಮದುವೆಯ ಕರೆಯೋಲೆ ಮಾಡಿಸಬೇಕಿತ್ತು. ಕಿಟಕಿಯ ಹತ್ತಿರದ ಫ್ಯಾನು ತಿರುಗಿದಾಗಲೆಲ್ಲ ಕೈಯಲ್ಲಿದ್ದ ಕಾಗದದ ತುದಿ ಎದ್ದು ಬೀಳುತ್ತಿತ್ತು. ಮೂರನೆಯ ಸಾಲಿನಲ್ಲಿ ಒಂದು 'ಳ' ಇತ್ತು. ಕೊನೆಗೆ ಒಳಕ್ಕೆ ಸುತ್ತಿಕೊಳ್ಳಬೇಕಾದ ಅದರ ಬಾಲ ತುಸು ಹೊರಗೆ ಚಾಚಿ ನಿಂತಿತ್ತು, ಬಾಗಿಲಿಗೆ ಬಂದು ಒಳಗೆ ಹೋಗಲೋ ಬೇಡವೋ ಎಂದು ತಡೆದವರ ಹಾಗೆ. ಇದನ್ನು ಎಲ್ಲೋ ನೋಡಿದ್ದೇನೆ ಎಂದುಕೊಂಡಳು. ಎಲ್ಲಿ ನೋಡಿದ್ದು ಎನ್ನುವುದೂ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ಕೇಳಿಸ್ತಾ ಇದೆಯಾ? ಈ ನಡುಮನೆ ಅಂದ್ರೆ ಏನು?"

"ಫಾಂಟು ಸಾರ್. ನಮ್ಮ ಪುಸ್ತಕಗಳಿಗೆಲ್ಲ ಹಾಕ್ತೀವಲ್ಲ, ಆ ಅಕ್ಷರ."

"ಅದು ನಕಲು ಅಂತಾರೆ ಇವರು. ಶಿಖರ ಅಂತ ಇವರದೊಂದು ಇದೆಯಂತೆ, ಅದನ್ನ ಕದ್ದು ಹೆಸರು ಬದಲಾಯಿಸಿದ್ದಂತೆ ಈ ನಡುಮನೆ. ನಾವು ಮೂವತ್ತೆರಡು ಪುಸ್ತಕದೊಳಗೆ ಅದನ್ನ ಹುದುಗಿಸಿ ನೆಟ್ಟಿಗೆ ಹಾಕಿದೀವಂತೆ. ಹತ್ತು ದಿನದಲ್ಲಿ ಅಷ್ಟೂ ತೆಗೀಬೇಕು, ಇಲ್ಲಾಂದ್ರೆ ಕೋರ್ಟು. ಮಕ್ಕಳಿಗೆ ಪರೀಕ್ಷೆ ಹತ್ರ ಬಂತು, ಏಳನೇ ತರಗತಿ ಗಣಿತ ತೆಗೆದುಹಾಕಿ ಅಂದ್ರೆ ನಾನು ಎಲ್ಲಿಗೆ ಹೋಗಲಿ? ಇದನ್ನ ತಂದೋರು ಯಾರು?"

"ನಾನೇ ಸಾರ್."

"ಎಲ್ಲಿಂದ?"

ಇಲ್ಲಿ ಅವಳು ಒಂದು ಮಾತು ಹೇಳಬಹುದಿತ್ತು. ಅದು ನಂದು ಸಾರ್, ಐನೂರ ತೊಂಬತ್ತು ಆಕಾರಗಳನ್ನೂ ಒಂದೊಂದಾಗಿ ನಾನೇ ಬರೆದದ್ದು ಅಂದರೆ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಅದನ್ನು ಇಲ್ಲಿಗೆ ತಂದಾಗಲೂ ಹೇಳಿರಲಿಲ್ಲ. ಹೇಳಿದರೆ, ಓಹೋ ಇವಳಿಗೆ ಇದೂ ಬರುತ್ತದಾ ಎಂಬ ನಗು, ಆಮೇಲೆ ಕಂಡಕಂಡವರ ಮಕ್ಕಳ ಹೆಸರು ಬರೆದುಕೊಡುವ ಬಿಟ್ಟಿ ಚಾಕರಿ. ಈಗ ಹೇಳಿದರೆ ಕಳ್ಳತನ ಮುಚ್ಚಿಕೊಳ್ಳಲು ಹೇಳಿದ ಹಾಗೆ ಕೇಳುತ್ತದೆ. "ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಸಾರ್, ಎಲ್ಲರಿಗೂ ಮುಕ್ತ," ಎಂದಳು.

"ಬಿಟ್ಟಿ ಸಿಕ್ತು ಅಂತ ತಗೊಂಡು ಬಂದ್ರಿ." ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಶುಕ್ರವಾರದ ಒಳಗೆ ಬರವಣಿಗೆಯಲ್ಲಿ ವಿವರಣೆ ಕೊಡಿ. ಮೇಲಿನವರು ಕೇಳಿದರೆ ನಾನು ನಿಮ್ಮ ಹೆಸರೇ ಹೇಳೋದು, ಈಗಲೇ ಹೇಳಿಬಿಡ್ತೀನಿ."

ತನ್ನ ಜಾಗಕ್ಕೆ ವಾಪಸು ಬರುವಾಗ ಉದ್ದನೆಯ ಓಣಿಯ ಗೋಡೆಯ ಮೇಲಿನ ಸೂಚನಾಪತ್ರಗಳೆಲ್ಲ ಅವಳತ್ತ ತಿರುಗಿದ ಹಾಗಿತ್ತು. ಶಿಖರ ಅವಳಿಗೆ ಹೊಸದಲ್ಲ. ಬಸ್ಸಿನ ಫಲಕದಲ್ಲಿ, ಬ್ಯಾಂಕಿನ ಚೀಟಿಯಲ್ಲಿ, ರಕ್ತದೊತ್ತಡದ ಮಾತ್ರೆಯ ಹಾಳೆಯ ಹಿಂದೆ ಮೂರು ನಾಲ್ಕು ವರ್ಷದಿಂದ ಅದೇ ಇತ್ತು. ಒಮ್ಮೆ ಔಷಧಿ ಅಂಗಡಿಯಲ್ಲಿ ನಿಂತು ಆ 'ಳ'ವನ್ನು ನೋಡಿ, ಪರವಾಗಿಲ್ಲವೇ, ಚೆನ್ನಾಗಿ ಮಾಡಿದ್ದಾನೆ ತಮ್ಮ ಎಂದುಕೊಂಡಿದ್ದಳು. ಹೌದು, ಮಾಡಿದವನು ತಮ್ಮ. ಒಡಹುಟ್ಟಿದವನು, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅಕ್ಷರ ಮಾಡಿ ಮಾರುವ ಕಂಪನಿ ತೆರೆಯುವಾಗ, ಅಕ್ಕ, ನಿನ್ನ ಫೈಲುಗಳನ್ನ ಕೊಡು, ಕಲಿಯೋಕೆ ಎಂದು ಕೇಳಿದ್ದ, ಕೊಟ್ಟಿದ್ದಳು. ಮಾತ್ರೆಯ ಹಾಳೆಯ ಮೇಲೆ ತನ್ನದೇ ಬಾಲವನ್ನು ಕಂಡಾಗ, 'ಳ' ಎಂದಮೇಲೆ ಎಲ್ಲ 'ಳ'ವೂ ಒಂದೇ ಥರ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡು ಮಾತ್ರೆ ನುಂಗಿದ್ದಳು. ತಿಳಿದುಕೊಳ್ಳದೆ ಇರುವುದೂ ಒಂದು ಅನುಕೂಲ. ಆ ಅನುಕೂಲವನ್ನು ಇಷ್ಟು ವರ್ಷ ತಾನು ಉಂಡೆನಲ್ಲ ಎಂದು ಈಗ ಅವಳಿಗೆ ತಮ್ಮನಿಗಿಂತ ಮೊದಲು ತನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಓಣಿ ಮುಗಿಯುವಷ್ಟರಲ್ಲಿ ದಾರಿ ಹುಡುಕಿಕೊಂಡು ತಮ್ಮನ ಕಡೆಗೇ ಹೋಯಿತು.

ಅವಳ ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುವ ಮುದುಕರು ಕೂರುತ್ತಿದ್ದರು. ಬೆನ್ನು ಬಾಗಿ ಬಾಗಿ ಅಲ್ಪವಿರಾಮದ ಗುರುತಿನಂತೆ ಆಗಿದ್ದರಿಂದ ಕಚೇರಿಯವರೆಲ್ಲ ಅವರನ್ನು ಅಲ್ಪವಿರಾಮ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಪೂರ್ಣವಿರಾಮ ಬೀಳೋವರೆಗೆ ಇದೇ ನಡೀಲಿ ಬಿಡಿ ಎನ್ನುತ್ತಿದ್ದರು. ಅವಳ ಕೈಯಿಂದ ನೋಟಿಸು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇದೇನಮ್ಮ, ನಮ್ಮ ಅಕ್ಷರದಲ್ಲೇ ನಮಗೆ ಬೈದಿದ್ದಾರೆ?"

"ನಿಮಗೂ ಹಾಗೇ ಕಾಣುತ್ತಾ?"

"ಹನ್ನೊಂದು ವರ್ಷದಿಂದ ದಿನಾ ನೋಡ್ತಿದೀನಿ. ಸ್ವಲ್ಪ ದಪ್ಪ ಮಾಡಿ, ತಲೆಕಟ್ಟನ್ನ ಓರೆಗೆ ಕತ್ತರಿಸಿದಾರೆ. ಕ್ಷೌರ ಮಾಡಿಸಿಕೊಂಡ ಮಾತ್ರಕ್ಕೆ ಗುರುತು ಸಿಗಲ್ವಾ?" ಹಾಳೆ ವಾಪಸು ಕೊಟ್ಟು ಅವರು ತಮ್ಮ ಪ್ರೂಫಿಗೆ ಬಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆಯೇ ಕೇಳಿದರು. "ಅದು ನಿಮ್ಮದೇ ಅಲ್ವಾ?"

ಫಾಂಟಿನ ಜೊತೆಗೆ ಒಂದು ಪರವಾನಗಿಯ ಪತ್ರ ಇರುತ್ತದೆ. ಅದನ್ನು ಯಾರೂ ತೆರೆದು ಓದುವುದಿಲ್ಲ ಎಂದೇ ಅವಳು ನಂಬಿದ್ದಳು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ತಿದ್ದಿದರೆ ಹಳೆಯ ಹೆಸರು ಇಡಬೇಡಿ. ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಬಿಟ್ಟುಕೊಡಿ. ಮೊದಲು ಮಾಡಿದವರ ಹೆಸರಿನ ಸಾಲನ್ನು ಅಳಿಸಬೇಡಿ. ಈ ಅಕ್ಷರ ಹುದುಗಿಸಿ ಮಾಡಿದ ಪುಸ್ತಕಕ್ಕೆ, ಪತ್ರಕ್ಕೆ, ಪಟ್ಟಿಗೆ ಯಾವ ಷರತ್ತೂ ತಾಗುವುದಿಲ್ಲ. ಅವು ಬರೆದವರ ಸ್ವತ್ತು. ಇಷ್ಟೇ. ಆ ಹೆಸರಿನ ಸಾಲಿನಲ್ಲಿ ಅವಳ ಹೆಸರಿತ್ತು. ಮುದುಕರು ಓದಿದ್ದಾರೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು, ಓದಿದ್ದೇನೆ ಎಂದು ಒಂದು ದಿನವೂ ತೋರಿಸಿಕೊಂಡಿಲ್ಲ. ಅವಳಿಗೆ ಇದ್ದಕ್ಕಿದ್ದಂತೆ ಕಣ್ಣು ತುಂಬಿತು. ತುಂಬಿದ್ದಕ್ಕೆ ನಾಚಿಕೆಯಾಗಿ ಕಂಪ್ಯೂಟರಿನ ಕಡೆ ತಿರುಗಿದಳು.

ನೋಟಿಸು ಇಮೇಲಿನಲ್ಲಿ ಬಂದದ್ದು. ಮೂಲ ಕಡತವನ್ನು ತೆರೆದಳು. ದಾಖಲೆಯೊಳಗೆ ಫಾಂಟು ಪೂರ್ತಿ ಹೋಗಿ ಕೂರುವುದಿಲ್ಲ. ಆ ದಾಖಲೆಗೆ ಬೇಕಾದ ಅಕ್ಷರಗಳಷ್ಟೇ ಹೋಗುತ್ತವೆ, ಮಿಕ್ಕವು ಹೊರಗೇ ಉಳಿಯುತ್ತವೆ. ಹೋಗಿರುವುದನ್ನು ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ತೆರೆದರೆ ಅಕ್ಷರದ ಅಂಚಿನ ಗೆರೆಯನ್ನು ಹಿಡಿದಿಡುವ ಬಿಂದುಗಳು ಕಾಣುತ್ತವೆ. ಅವಳು ಒಂದೊಂದೇ ನೋಡುತ್ತ ಹೋದಳು. ಎಲ್ಲವನ್ನೂ ಸವರಿದ್ದರು. ದಪ್ಪ ಮಾಡುವಾಗ ಬಿಂದುಗಳೆಲ್ಲ ಸರಿದಿದ್ದವು. ಇದು ನನ್ನದು ಎಂದು ಬೆರಳಿಟ್ಟು ತೋರಿಸುವಂಥದ್ದು ಯಾವುದೂ ಇರಲಿಲ್ಲ. ಬರೀ ಚಹರೆ ಇತ್ತು. ಚಹರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಕೊನೆಯ ಪ್ಯಾರಾದಲ್ಲಿ, ಹತ್ತು ದಿನದೊಳಗೆ ಪುಸ್ತಕ ತೆಗೆಯದಿದ್ದರೆ ತಡೆಯಾಜ್ಞೆ ತರಬೇಕಾಗುತ್ತದೆ ಎಂಬಲ್ಲಿ, 'ಜ್ಞೆ' ಬಂತು. ಅದರ ಕೆಳಗೆ ಞ-ಒತ್ತು. ಇಡೀ ನೋಟಿಸಿನಲ್ಲಿ ಆ ಒತ್ತು ಬೇಕಾದ ಮಾತು ಅದೊಂದೇ. 'ಜ'ದ ಕೆಳಗೆ ಬಿಟ್ಟರೆ ಬೇರೆಲ್ಲೂ ಬೇಡದ ಒತ್ತು, ಸವರುವವರೂ ಅದನ್ನು ಸವರದೆ ಬಿಟ್ಟಿದ್ದರು. ಒಳಬಾಗಿನ ಮೇಲಿದ್ದ ಬಿಂದುವನ್ನು ಹಿಡಿದು ಪಕ್ಕಕ್ಕೆ ಎಳೆದಳು. ಅದರ ಕೆಳಗೆ ಇನ್ನೊಂದು ಬಿಂದು ಇತ್ತು.

ಅಲ್ಲಿ ಎರಡು ಬಿಂದು ಇರಬಾರದು. ಒಂದರ ಮೇಲೊಂದು ಕೂತಿರುವುದರಿಂದ ಹಾಳೆಯ ಮೇಲೆ ಗೊತ್ತಾಗುವುದಿಲ್ಲ, ಆದರೂ ತಪ್ಪು ತಪ್ಪೇ. ಅದು ಹೇಗೆ ಬಂತೆಂದು ಜಗತ್ತಿನಲ್ಲಿ ಬಲ್ಲವಳು ಅವಳೊಬ್ಬಳೇ. ಹನ್ನೆರಡು ವರ್ಷದ ಹಿಂದೆ, ಅವರ ಮನೆಯ ನಡುಮನೆಯಲ್ಲಿ ಕಂಪ್ಯೂಟರು, ಅದರ ಹಿಂದಿನ ಕೋಣೆಯಲ್ಲಿ ಅಮ್ಮ. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಅಮ್ಮನಿಗೆ ಮಾತು ಹೋಗಿ ಎರಡು ವರ್ಷವಾಗಿತ್ತು. ಬೇಕಾದಾಗ ಚಮಚದಿಂದ ಮಂಚದ ಕಬ್ಬಿಣಕ್ಕೆ ತಟ್ಟುತ್ತಿದ್ದಳು. ನೀರಿಗೆ ಒಂದು ಪೆಟ್ಟು, ಹೊರಳಿಸಲು ಎರಡು, ಸುಮ್ಮನೆ ಮುಖ ನೋಡಬೇಕೆನಿಸಿದರೂ ಎರಡು. ಆ ಎರಡು ವರ್ಷ ಅಮ್ಮನ ಪೆಟ್ಟುಗಳ ನಡುವಿನ ಬಿಡುವಿನಲ್ಲೇ ಫಾಂಟು ಬೆಳೆದದ್ದು. ಅವತ್ತು ಮಂಗಳವಾರ, ಕಚೇರಿಗೆ ರಜೆ ಹಾಕಿದ್ದಳು, ಮಧ್ಯಾಹ್ನ ಞ-ಒತ್ತಿನ ಒಳಬಾಗು ಎಷ್ಟು ಮಾಡಿದರೂ ಕೂರುತ್ತಿರಲಿಲ್ಲ. ಎರಡು ಪೆಟ್ಟು ಕೇಳಿಸಿತು. ಒಂದ್ನಿಮಿಷ ಅಮ್ಮ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು. ಬಂದೆ ಇರಮ್ಮ ಎಂದಳು, ಬಾಗು ಇನ್ನೇನು ಕೂರುವುದರಲ್ಲಿತ್ತು. ಮೂರನೆಯ ಸಲ ಒಂದೇ ಪೆಟ್ಟು, ಅದೂ ಕಬ್ಬಿಣಕ್ಕೆ ಸರಿಯಾಗಿ ತಾಗದೆ ಸವರಿಕೊಂಡು ಹೋದ ಹಾಗೆ. ಆಗ ಗಾಬರಿಯಲ್ಲಿ ಬಿಂದುವೊಂದನ್ನು ಎರಡು ಸಲ ಒತ್ತಿಬಿಟ್ಟಳು. ಎದ್ದು ಓಡಿದಳೇ? ಇಲ್ಲ. ಸದ್ದು ನಿಂತಿತು, ನಿದ್ದೆ ಹತ್ತಿರಬೇಕು ಎಂದುಕೊಂಡು ಒತ್ತನ್ನು ಮುಗಿಸಿ, ಉಳಿಸಿ, ಆಮೇಲೆ ಎದ್ದಳು. ಚಮಚ ನೆಲದ ಮೇಲಿತ್ತು. ಡಾಕ್ಟರು ಬಂದು ಎಷ್ಟು ಹೊತ್ತಿಗೆ ಜೀವ ಹೋಯಿತು ಎಂದು ಕೇಳಿದಾಗ ಮೂರೂಮುಕ್ಕಾಲಿಗೆ ಎಂದಳು. ಬೇರೆ ಊರಿಗೆ ಇಂಟರ್‌ವ್ಯೂಗೆ ಹೋಗಿದ್ದ ತಮ್ಮ ಮರುದಿನ ಬೆಳಿಗ್ಗೆ ಬಂದು ಹೊಸಿಲಲ್ಲೇ ಕುಸಿದು ಕೂತು, ಒಬ್ಬಳೇ ಇದ್ಲಾ ಅಮ್ಮ ಎಂದು ಕೇಳಿದಾಗ, ಇಲ್ಲ ಕಣೋ, ನನ್ನ ಕೈ ಹಿಡ್ಕೊಂಡೇ ಇದ್ಲು ಎಂದಳು. ಅವನು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡು ಅತ್ತಿದ್ದ. ಇವತ್ತಿಗೂ ವರ್ಷ ವರ್ಷ ಆ ದಿನ ಮೂರೂಮುಕ್ಕಾಲಿಗೆ ಎಲ್ಲೇ ಇದ್ದರೂ ಫೋನ್ ಮಾಡುತ್ತಾನೆ. ಊಟ ಆಯ್ತಾ ಅಕ್ಕ ಎಂದು ಕೇಳಿ ಇಟ್ಟುಬಿಡುತ್ತಾನೆ. ಅವಳು ಆ ಒತ್ತನ್ನು ಆಮೇಲೆ ತಿದ್ದಲಿಲ್ಲ. ತೆರೆದು ನೋಡಲೂ ಇಲ್ಲ.

ಈಗ ಅದು ಎದುರಿಗೆ ಇತ್ತು, ಅಂಗೈಯಷ್ಟು ದೊಡ್ಡದಾಗಿ, ಅವಳನ್ನೇ ಕಳ್ಳಿ ಎನ್ನುವ ಕಾಗದದೊಳಗೆ. ಮೊದಲು ಬಂದದ್ದು ದುಃಖವಲ್ಲ. ಸಿಕ್ಕಿಬಿದ್ದೆಯಲ್ಲೋ ಎಂಬ ಸಂತೋಷ. ಆ ಸಂತೋಷ ಎಷ್ಟು ಬಿಸಿಯಾಗಿತ್ತೆಂದರೆ ಕಿವಿಯ ಹಾಲೆಗಳವರೆಗೆ ಹತ್ತಿತು. ಮುದುಕರು ಒಂದು ಸಲ ಇತ್ತ ನೋಡಿ, ಕಿಟಕಿ ತೆಗೀಲಾ ಎಂದು ಕೇಳಿದರು.

ತಮ್ಮನಿಗೆ ಫೋನ್ ಮಾಡಲು ಅವಳು ಕಚೇರಿಯ ಮೆಟ್ಟಿಲಿನ ಕೆಳಗಿನ ಸಂದಿಗೆ ಹೋದಳು. ಹಳೆಯ ಪುಸ್ತಕಗಳ ಕಟ್ಟುಗಳು, ಕಾಲು ಮುರಿದ ಕುರ್ಚಿಗಳು. ಅವನು ಮೊದಲನೆಯ ರಿಂಗಿಗೇ ಎತ್ತಿದ.

"ಹೇಳಕ್ಕ, ಆರಾಮಾ? ಮಾತ್ರೆ ಸರಿಯಾಗಿ ತಗೋತಿದೀಯಾ?"

"ನಿನ್ನ ಕಂಪನಿಯಿಂದ ನಮ್ಮ ಆಫೀಸಿಗೆ ನೋಟಿಸು ಬಂದಿದೆ."

ಅವನು ನಕ್ಕ. ಅದು ಸುಳ್ಳು ನಗೆಯಲ್ಲ, ನಿಜವಾಗಿಯೂ ಹಗುರಾದವನ ನಗೆ. "ಅಯ್ಯೋ, ನಿಮಗೂ ಬಂತಾ? ಅದು ಮಷೀನಿನ ಕೆಲಸ ಅಕ್ಕ. ನೆಟ್ಟಿನಲ್ಲಿರೋ ಕಡತಗಳನ್ನೆಲ್ಲ ಅದೇ ಜಾಲಾಡುತ್ತೆ. ಒಳಗಿರೋ ಅಕ್ಷರ ನಮ್ಮದಕ್ಕೆ ಹೊಂದಿದ್ರೆ ಪಟ್ಟಿ ಮಾಡುತ್ತೆ, ವಕೀಲರ ಕಡೆಯಿಂದ ಕಾಗದ ಹೋಗುತ್ತೆ. ನಾನು ಕಣ್ಣಾಡಿಸೋದೂ ಇಲ್ಲ. ಬಿಡು, ತಲೆ ಕೆಡಿಸ್ಕೋಬೇಡ. ನಿಮ್ಮ ಆಫೀಸಿಗೆ ವಿನಾಯಿತಿ ಅಂತ ಇವತ್ತೇ ಒಂದು ಕಾಗದ ಕಳಿಸ್ತೀನಿ."

"ವಿನಾಯಿತಿ."

"ಹೂಂ. ನಿಮ್ಮದೊಂದಕ್ಕೆ ಮಾತ್ರ. ಅಕ್ಕನ ಆಫೀಸು ಅಂದ್ಮೇಲೆ ಅಷ್ಟೂ ಮಾಡದೇ ಇರ್ತೀನಾ?"

"ನಂದನ್ನ ಬಳಸೋಕೆ ನಂಗೆ ನೀನು ವಿನಾಯಿತಿ ಕೊಡ್ತೀಯಾ?"

ಅವನ ಹಿಂದೆ ಯಾರೋ ಬಾಗಿಲು ಹಾಕಿದ್ದು ಕೇಳಿಸಿತು. "ನೋಡಕ್ಕ," ಎಂದ, ದನಿ ತಗ್ಗಿಸಿ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. "ನೀನು ಅದನ್ನ ಎಲ್ಲರಿಗೂ ಬಿಟ್ಟುಕೊಟ್ಟಿದ್ದೆ. ಬೀದಿಯಲ್ಲಿ ಇಟ್ಟಿದ್ದೆ. ಯಾರು ಬೇಕಾದ್ರೂ ತಗೋಬಹುದು ಅಂತ ನೀನೇ ಬರೆದಿದ್ದೆ. ನಾನೂ ತಗೊಂಡೆ. ಅದರ ಮೇಲೆ ಎರಡು ವರ್ಷ ಕೆಲಸ ಮಾಡಿಸಿದೀನಿ. ಈಗ ಅದು ಅದಲ್ಲ."

"ತಗೋ ಅಂತ ಬರೆದಿದ್ದೆ. ಹೆಸರು ಒರೆಸು ಅಂತ ಬರೆದಿರಲಿಲ್ಲ. ಬಾಗಿಲು ಹಾಕ್ಕೋ ಅಂತ ಬರೆದಿರಲಿಲ್ಲ."

"ಅದನ್ನೆಲ್ಲ ಯಾರು ಓದ್ತಾರೆ ಅಕ್ಕ?"

ಇದೇ ಮಾತನ್ನು ತಾನೂ ಬೆಳಿಗ್ಗೆವರೆಗೆ ಅಂದುಕೊಂಡಿದ್ದೆ ಎನ್ನುವುದು ಅವಳಿಗೆ ನೆನಪಾಯಿತು. ನೆನಪಾದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. "ವಿನಾಯಿತಿ ಕಳಿಸಬೇಡ," ಎಂದಳು. "ನಾಳೆ ಬರ್ತೀನಿ. ನಿನ್ನ ವಕೀಲರನ್ನೂ ಕರೆಸು."

ಮರುದಿನ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ಹೊರಟಳು. ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎದುರಿನ ಸೀಟಿನ ಹಿಂದೆ ಬಾಗಿಲಿಗೆ ಒರಗಬೇಡಿ ಎಂದು ಶಿಖರದಲ್ಲಿ ಬರೆದಿತ್ತು. ದಾರಿಯುದ್ದಕ್ಕೂ ಅವಳು ಮುಂದೆ ನಡೆಯಬೇಕಾದ್ದನ್ನು ಮನಸ್ಸಿನಲ್ಲಿ ನಡೆಸಿ ನೋಡಿದಳು. ಅವನ ಕೆಲಸದವರೆಲ್ಲ ಕುರ್ಚಿ ತಿರುಗಿಸಿ ನೋಡುತ್ತಿದ್ದಾರೆ, ಅವನು ತಲೆ ತಗ್ಗಿಸಿದ್ದಾನೆ, ಅವಳು ದನಿ ಎತ್ತುವುದೇ ಇಲ್ಲ. ಒಂದು ಸಲ ಅವನು ಅಳುತ್ತಾನೆ, ಇನ್ನೊಂದು ಸಲ ಕಾಲಿಗೆ ಬೀಳುತ್ತಾನೆ. ಮೂರನೆಯ ಸಲ ಅವನ ಹೆಂಡತಿಯನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದಳು. ಎಷ್ಟು ನಡೆಸಿದರೂ ಸಾಕಾಗಲಿಲ್ಲ. ಇಳಿಯುವ ಜಾಗ ಬಂದದ್ದು ಗೊತ್ತಾಗದೆ ಒಂದು ನಿಲ್ದಾಣ ಮುಂದೆ ಹೋಗಿ, ಬಿಸಿಲಿನಲ್ಲಿ ವಾಪಸು ನಡೆದು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಾಗ ಎದುರಿಗಿದ್ದ ಹುಡುಗಿ, ಡೆಲಿವರಿ ಆದ್ರೆ ಹಿಂದಿನ ಬಾಗಿಲು ಮೇಡಂ ಎಂದಳು. ಕಂಪನಿ ತೆರೆದ ಈ ಆರು ವರ್ಷದಲ್ಲಿ ಅಕ್ಕ ಇಲ್ಲಿಗೆ ಒಂದು ಸಲವೂ ಬಂದಿರಲಿಲ್ಲ. ಬಾ ಎಂದು ಅವನು ಕರೆದಿದ್ದನೇ ಇಲ್ಲವೇ ಎನ್ನುವುದು ಆ ಕ್ಷಣಕ್ಕೆ ನೆನಪಾಗಲಿಲ್ಲ, ಕರೆದಿರಲಿಲ್ಲ ಎಂದೇ ಇಟ್ಟುಕೊಂಡಳು.

ಗಾಜಿನ ಕೋಣೆ. ಹೊರಗೆ ಏಳೆಂಟು ಜನ ಪರದೆಗಳ ಮುಂದೆ ಕೂತು ಅಕ್ಷರಗಳನ್ನು ಎಳೆಯುತ್ತಿದ್ದರು. ತಮ್ಮ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ತಲೆಯಲ್ಲಿ ಬಿಳಿ ಕೂದಲು ಜಾಸ್ತಿಯಾಗಿತ್ತು. ಅವನ ವಕೀಲರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ನೋಟಿಸಿಗೆ ಸಹಿ ಹಾಕಿದ್ದವರು ಅವರೇ. ಅವಳು ಪೀಠಿಕೆ ಹಾಕಲಿಲ್ಲ. ಲ್ಯಾಪ್‌ಟಾಪು ತೆರೆದು ಅವರ ನೋಟಿಸಿನ 'ಜ್ಞೆ'ಯನ್ನು ದೊಡ್ಡದು ಮಾಡಿ, ಬಿಂದುವನ್ನು ಎಳೆದು, ಕೆಳಗಿನ ಬಿಂದುವನ್ನು ತೋರಿಸಿದಳು. ಆಮೇಲೆ ನಡುಮನೆಯ ಞ-ಒತ್ತನ್ನು ತೆರೆದು ಅದನ್ನೂ ಎಳೆದಳು. ಆಮೇಲೆ ಹನ್ನೊಂದು ವರ್ಷದ ಹಿಂದೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ ಜಾಲತಾಣದ ಪುಟ, ಅದರ ಮೇಲಿನ ತಾರೀಕು.

"ಈ ಕಂಪನಿ ಶುರುವಾಗಿ ಆರು ವರ್ಷ," ಎಂದಳು. "ಮಗ ಅಪ್ಪನಿಗಿಂತ ಮೊದಲು ಹುಟ್ಟೋದು ಹೇಗೆ ಅಂತ ನಂಗೆ ಗೊತ್ತಿಲ್ಲ."

ವಕೀಲರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಸಾವಧಾನವಾಗಿ ನೋಡಿದರು. ಪರವಾನಗಿಯ ಪತ್ರವನ್ನು ಕೊನೆಯವರೆಗೆ ಓದಿದರು. ಅವಳ ಕಣ್ಣೆದುರಿಗೆ ಅದನ್ನು ಹಾಗೆ ಓದಿದವರು ಅವರೊಬ್ಬರೇ. ಆಮೇಲೆ ತಮ್ಮನ ಕಡೆ ನೋಡಿದರು.

"ಇದನ್ನ ನನಗೆ ಹೇಳಿರಲಿಲ್ಲ ನೀವು."

ತಮ್ಮ ಮೇಜಿನ ಅಂಚಿಗೆ ಬೆರಳಿಟ್ಟ.

"ಇಷ್ಟು ಸಾಕು ಮೇಡಂ," ಎಂದು ವಕೀಲರು ಅವಳಿಗೆ ಹೇಳಿದರು. "ಮುಂದೆ ತೋರಿಸೋದೇನೂ ಬೇಕಾಗಿಲ್ಲ. ನೋಟಿಸು ವಾಪಸು ತಗೋತೀವಿ, ತಪ್ಪಾಯ್ತು ಅಂತ ಬರೆದುಕೊಡ್ತೀವಿ. ಶಿಖರವನ್ನ ನಿಮ್ಮ ಷರತ್ತಿಗೇ ತರಬೇಕಾಗುತ್ತೆ, ಎಲ್ಲರಿಗೂ ಮುಕ್ತ. ಬೇರೆಯವರಿಗೆ ಕಳಿಸಿರೋ ನೋಟಿಸುಗಳನ್ನೂ ನಾನೇ ನೋಡ್ತೀನಿ."

ಮುಗಿಯಿತು. ಇಷ್ಟು ಬೇಗ ಮುಗಿಯಿತು. ಗಾಜಿನ ಆಚೆ ಯಾರೂ ತಿರುಗಿ ನೋಡಿರಲಿಲ್ಲ. ಒಬ್ಬಳು ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ತಮ್ಮ ಬೆರಳಿನಿಂದ ಮೇಜಿನ ಅಂಚನ್ನು ಸವರುತ್ತಿದ್ದ. ಅವನ ಮುಖದಲ್ಲಿ ಸೋಲಿತ್ತು, ಆದರೆ ಅದು ವ್ಯವಹಾರದಲ್ಲಿ ಸೋತವನ ಸೋಲು, ನಾಳೆ ಬೆಳಿಗ್ಗೆ ಎದ್ದು ಇನ್ನೊಂದು ಹೂಡುವವನದು. ಸಾರಿ ಅಕ್ಕ, ಇಷ್ಟು ದೂರ ಹೋಗಬಾರದಿತ್ತು ಎಂದ. ಅದರ ಹಿಂದೆಯೇ, ಊಟ ಮಾಡಿಕೊಂಡು ಹೋಗು ಎಂದ. ಊಟ ಎಂಬ ಮಾತು ಕೇಳಿದ್ದೇ ಅವಳೊಳಗೆ ಏನೋ ಕದಲಿತು. ಇವನಿಗೆ ನೋಯಲೇ ಇಲ್ಲ. ಹೆಸರು ಅಳಿಸುವಾಗಲೂ ನೋಯಲಿಲ್ಲ, ಈಗ ವಾಪಸು ಕೊಡುವಾಗಲೂ ನೋಯುತ್ತಿಲ್ಲ. ಸಾಕು, ಮುಚ್ಚಿಡು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಅವಳು ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡೇ ಹಳೆಯ ಕಡತವನ್ನು ತೆರೆದಳು.

"ಇದನ್ನೂ ನೋಡಿಬಿಡಿ," ಎಂದಳು ವಕೀಲರಿಗೆ, ಕಣ್ಣು ಮಾತ್ರ ತಮ್ಮನ ಮೇಲಿಟ್ಟು. "ನನ್ನ ಪ್ರೋಗ್ರಾಮು ಉಳಿಸಿದಾಗಲೆಲ್ಲ ತಾರೀಕು, ಹೊತ್ತು ಬರೆದಿಡುತ್ತೆ. ಆ ಎರಡು ಬಿಂದು ಬಿದ್ದಿದ್ದು ಯಾವಾಗ ಅಂತ ಇಲ್ಲಿದೆ."

"ಅದು ಬೇಕಿಲ್ಲ ಮೇಡಂ."

"ಇರಲಿ. ಅವನು ಓದಲಿ."

ತಮ್ಮ ಮುಂದೆ ಬಾಗಿ ಓದಿದ. ಮೊದಲು ಅವನಿಗೆ ಏನೂ ಹೊಳೆಯಲಿಲ್ಲ. ತಾರೀಕಿನ ಮೇಲೆ ಕಣ್ಣು ಹಾದುಹೋಗಿ ಹೊತ್ತಿನ ಮೇಲೆ ನಿಂತಿತು, ಮತ್ತೆ ತಾರೀಕಿಗೆ ಬಂತು. ಮೂರು ಗಂಟೆ ಐವತ್ತೆರಡು ನಿಮಿಷ. ಅವನ ಬೆರಳು ಮೇಜಿನ ಅಂಚಿನಲ್ಲಿ ನಿಂತುಬಿಟ್ಟಿತು.

"ಇದು ಅಮ್ಮ..." ಎಂದ.

"ಹೂಂ."

"ನೀನು ಒಳಗೆ ಇದ್ದೆ ಅಂದಿದ್ದೆ."

"ನಡುಮನೆಯಲ್ಲಿದ್ದೆ."

"ಕೈ ಹಿಡ್ಕೊಂಡಿದ್ಲು ಅಂದಿದ್ದೆ."

"ಕರೆದಳು. ಮೂರು ಸಲ ಕರೆದಳು. ಇದೇ ಒತ್ತು ಬರೀತಾ ಇದ್ದೆ, ಏಳಲಿಲ್ಲ." ತನ್ನ ದನಿ ಇಷ್ಟು ಸಮವಾಗಿ ಬರುತ್ತಿರುವುದನ್ನು ಕೇಳಿ ಅವಳಿಗೇ ಅಚ್ಚರಿಯಾಯಿತು. ಹನ್ನೆರಡು ವರ್ಷ ಯಾರಿಗೂ ಹೇಳಲಾಗದೆ ಒಳಗೆ ಕೊಳೆಸಿದ ಮಾತು, ಯಾರಾದರೂ ಕೇಳಿ ಕ್ಷಮಿಸಲಿ ಎಂದು ರಾತ್ರಿಗಳಲ್ಲಿ ಹಂಬಲಿಸಿದ್ದ ಮಾತು. ಅದನ್ನು ಈಗ ಕಲ್ಲು ಎತ್ತಿ ಎಸೆದ ಹಾಗೆ ಎಸೆಯುತ್ತಿದ್ದಳು, ಗುರಿಯೂ ತಪ್ಪಿರಲಿಲ್ಲ. "ಎಲ್ಲರಿಗೂ ಬಿಟ್ಟುಕೊಟ್ಟಿದ್ದು ಅಂದೆಯಲ್ಲ. ಬೀದಿಯಲ್ಲಿ ಇಟ್ಟಿದ್ದು ಅಂದೆಯಲ್ಲ. ಎಲ್ಲಿಂದ ಬಂತು ಅಂತ ಗೊತ್ತಿರಲಿ ಅಂತ ತೋರಿಸಿದೆ."

ಅವನು ಅಳಲಿಲ್ಲ. ಬಸ್ಸಿನಲ್ಲಿ ಅವಳು ನಡೆಸಿ ನೋಡಿದ್ದ ಯಾವುದೂ ನಡೆಯಲಿಲ್ಲ. ಅವನು ಅವಳ ಮುಖ ನೋಡದೆ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಬಿದ್ದಿದ್ದ ಅವಳ ಕೈಯನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಕುರ್ಚಿಯನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿಕೊಂಡ. ಅವಳು ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡಳು. ವಕೀಲರು ತಮ್ಮ ಕಾಗದಗಳನ್ನು ಜೋಡಿಸಿ, ನೋಟಿಸು ವಾಪಸಿನ ಪತ್ರ ನಾಳೆ ಕಳಿಸ್ತೀನಿ ಎಂದು ಯಾರಿಗೆಂದಿಲ್ಲದೆ ಹೇಳಿ ಎದ್ದು ಹೋದರು. ಅವರು ಹೋದಮೇಲೆ ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡಿತು.

"ಹೆಸರು ಹಾಕು," ಎಂದಳು.

"ಹುಡುಗರಿಗೆ ಹೇಳ್ತೀನಿ."

"ನೀನು ಹಾಕು. ಈಗ. ನನ್ನೆದುರಿಗೆ."

ಅವನು ತನ್ನ ಕಂಪ್ಯೂಟರನ್ನು ಎಳೆದುಕೊಂಡು ಶಿಖರದ ಮೂಲ ಕಡತವನ್ನು ತೆರೆದ. ಅಕ್ಷರ ಮಾಡಿದವರು ಎಂಬಲ್ಲಿ ಕಂಪನಿಯ ಹೆಸರಿತ್ತು. ಅದನ್ನು ಅಳಿಸಿದ. ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಹಾಗೇ ಕೂತ. ಎಷ್ಟು ಹೊತ್ತಾದರೂ ಒತ್ತಲಿಲ್ಲ.

"ಏನಾಯ್ತು?"

"ಕೊನೆಯ ಅಕ್ಷರ..." ಎಂದ ತಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ದೀರ್ಘಾನಾ, ಹ್ರಸ್ವಾನಾ? ನಾನು ಯಾವತ್ತೂ ಅಕ್ಕ ಅಂತಲೇ ಬರೆದಿದ್ದು."

ಅವಳು ಹೇಳಿದಳು. ಅವನು ಒಂದೊಂದೇ ಕೀಲಿ ಒತ್ತಿ ಬರೆದ. ಹೆಸರು ಪರದೆಯ ಮೇಲೆ ಬಂತು, ಮೊದಲ ಅಕ್ಷರದಿಂದ ಕೊನೆಯದರವರೆಗೆ ಸರಿಯಾಗಿತ್ತು. ಅವಳು ಅದನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು.

"ಸರಿಯಿಲ್ಲ," ಎಂದಳು. "ಅಳಿಸು."

ಅವನು ಅವಳ ಕಡೆ ನೋಡಿದ. ಸರಿಯಾಗಿಯೇ ಇದೆ ಎನ್ನುವುದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತಿತ್ತು. ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದಾಗಿ ಅಳಿಸಿ ಮತ್ತೆ ಬರೆದ.

"ಅಳಿಸು."

ಮತ್ತೆ ಬರೆದ. ಗಾಜಿನ ಆಚೆ ಒಬ್ಬಿಬ್ಬರು ಈಗ ತಿರುಗಿ ನೋಡುತ್ತಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ತಾನಾಗಿಯೇ ಅಳಿಸಿದ್ದ. ತಾನಾಗಿಯೇ ಬರೆದ, ಮುಗಿದದ್ದೇ ಅಳಿಸಿದ, ಮತ್ತೆ ಬರೆದ. ಅವಳು ಕೂತಲ್ಲೇ ನೋಡುತ್ತಿದ್ದಳು. ಸಾಕು ಎನ್ನಬೇಕು, ಎರಡೇ ಅಕ್ಷರದ ಮಾತು, ಅದು ನಾಲಿಗೆಯ ಮೇಲೆ ಇತ್ತು. ಅವಳು ಅನ್ನಲಿಲ್ಲ.